ಒಂದು ಕೋಲಿನ ಬಾಗಿಲು

ಆ ಬಡಗಿ ಮನೆತನದಲ್ಲಿ ಎಲ್ಲರೂ ಗಿಡ್ಡ. ಅಪ್ಪ ಗಿಡ್ಡ, ಅಜ್ಜ ಗಿಡ್ಡ, ಮುತ್ತಜ್ಜನಂತೂ ಕೆಲಸದ ಮೇಜಿನ ಹಿಂದೆ ನಿಂತರೆ ಸುತ್ತಿಗೆ ಏಳುವುದು ಬೀಳುವುದು ಮಾತ್ರ ಕಾಣುತ್ತಿತ್ತು, ಮನುಷ್ಯ ಕಾಣುತ್ತಿರಲಿಲ್ಲ ಎಂದು ಊರಿನವರು ನಗುತ್ತಿದ್ದರಂತೆ. ದೇವರು ಎತ್ತರದಲ್ಲಿ ಉಳಿಸಿಕೊಂಡದ್ದನ್ನೆಲ್ಲ ಅವರ ಕೈಗೆ ಧಾರೆಯೆರೆದಿದ್ದ. ಅವರು ಮಾಡಿದ ಬಾಗಿಲು ಮಳೆಗೆ ಉಬ್ಬುತ್ತಿರಲಿಲ್ಲ, ಬಿಸಿಲಿಗೆ ಕುಗ್ಗುತ್ತಿರಲಿಲ್ಲ. ಕಿರುಬೆರಳಲ್ಲಿ ತಳ್ಳಿದರೆ ಹೊಸ್ತಿಲ ಮೇಲೆ ಮಲಗಿದ ಬೆಕ್ಕಿಗೂ ಎಚ್ಚರವಾಗದಂತೆ ತೆರೆದುಕೊಳ್ಳುತ್ತಿತ್ತು. ಇದ್ದದ್ದು ಒಂದೇ ತೊಡಕು. ಸ್ವಲ್ಪ ಎತ್ತರದವರಾದರೂ ಒಳಗೆ ಹೋಗುವಾಗ ತಲೆ ಬಗ್ಗಿಸಬೇಕು. ಮರೆತವರಿಗೆ ಮೇಲ್ಪಟ್ಟಿಯೇ ನೆನಪು ಮಾಡಿಕೊಡುತ್ತಿತ್ತು.

"ನೀವು ಗಿಡ್ಡ ಅಂತ ಬಾಗಿಲನ್ನೂ ಗಿಡ್ಡ ಮಾಡ್ತೀರೇನ್ರೀ?" ಎಂದು ಯಾರಾದರೂ ಕೇಳಿದರೆ ಮನೆತನದ ಈಗಿನ ಹಿರಿಯರು, ಮಕ್ಕಳು ಮರಿಗೆಲ್ಲ ದೊಡ್ಡಪ್ಪನಾದವರು, ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು ಕತೆಗೆ ಕೂರುತ್ತಿದ್ದರು. ಅವರಿಗೆ ಅಜ್ಜ, ಉಳಿದವರಿಗೆ ಮುತ್ತಜ್ಜ, ಊರಿನ ಪ್ರಾರ್ಥನಾಮಂದಿರಕ್ಕೆ ಬಾಗಿಲು ಮಾಡಿದ್ದ. ಮೊದಲ ದಿನ ಗುರುಗಳು ಜನರನ್ನು ಹಿಂದಿಟ್ಟುಕೊಂಡು ಗಂಭೀರವಾಗಿ ಹೆಜ್ಜೆಯಿಟ್ಟರು. ಅವರ ಹಣೆ ಮೇಲ್ಪಟ್ಟಿಗೆ ಠಣ್ ಎಂದು ಬಡಿಯಿತು. ಊರಿಗೆ ಊರೇ ಉಸಿರು ಬಿಗಿಹಿಡಿಯಿತು. ಮುತ್ತಜ್ಜ ಮುಂದೆ ಬಂದು ಕೈಮುಗಿದ. "ಗುರುಗಳೇ, ದೇವರ ಮನೆಗೆ ಯಾರೇ ಬರಲಿ, ಬಾಗಿ ಬರಲಿ ಅಂತ ಹೀಗೆ ಮಾಡಿದ್ದೀನಿ" ಎಂದ. ಗುರುಗಳು ಹಣೆ ನೀವಿಕೊಳ್ಳುತ್ತಲೇ ಮುಗುಳ್ನಕ್ಕರು. ಆ ದಿನದ ಪ್ರವಚನವೆಲ್ಲ ಆ ಬಾಗಿಲಿನ ಮೇಲೆಯೇ ಹರಿಯಿತು. ಆಮೇಲೆ ಕೇಳಬೇಕೇ? ಮನೆ ಕಟ್ಟಿಸುವವರೆಲ್ಲ "ನಮಗೂ ಅಂಥದ್ದೇ ಬಾಗೋ ಬಾಗಿಲು ಬೇಕು" ಎಂದು ಮುತ್ತಜ್ಜನ ಮುಂದೆ ಸಾಲುಗಟ್ಟಿದರು.

ಕತೆಯ ಕೊನೆಗೆ ದೊಡ್ಡಪ್ಪ ಗೋಡೆಗೆ ಒರಗಿಸಿದ್ದ ಕೋಲನ್ನು ತೋರಿಸುತ್ತಿದ್ದರು. ಮುತ್ತಜ್ಜನ ಅಳತೆಕೋಲು. ಅದರ ಮೇಲೆ ಗೆರೆಯಿಲ್ಲ, ಅಂಕಿಯಿಲ್ಲ. ಆ ಮನೆತನದ ಲೆಕ್ಕವೇ ಹಾಗೆ: ಬಾಗಿಲಿನ ಎತ್ತರ ಒಂದು ಕೋಲು, ಅಷ್ಟೇ. ಅಗಲ ಬೇಕಾದರೆ ಕೋಲಿನುದ್ದ ದಾರ ಹಿಡಿದು ಎರಡಾಗಿ ಮಡಿಸುವುದು. ಅಗುಳಿ ಎಲ್ಲಿ ಬರಬೇಕೆಂದರೆ ಅದೇ ದಾರವನ್ನು ಮೂರಾಗಿ ಮಡಿಸುವುದು. ಎಲ್ಲವೂ ಕೋಲಿನಿಂದಲೇ ಹುಟ್ಟಬೇಕು, ಕೋಲನ್ನು ಯಾರೂ ಅಳೆಯಬಾರದು. ಕೋಲಿನ ಒಂದು ತುದಿಗೆ ಹಿತ್ತಾಳೆಯ ಟೊಪ್ಪಿಗೆ, ಇನ್ನೊಂದು ತುದಿ ಬರಿ ಮರ. "ಮೇಲಿನ ತುದಿ ದೇವರದ್ದು, ಅದಕ್ಕೆ ಕಿರೀಟ. ಕೆಳಗಿನದು ಮನುಷ್ಯರದ್ದು, ಮಣ್ಣಿಗೆ ತಾಗೋದು, ಅದಕ್ಕೆ ಬೋಳು" ಎಂದು ದೊಡ್ಡಪ್ಪ ಅದಕ್ಕೂ ಅರ್ಥ ಹೇಳುತ್ತಿದ್ದರು.

ಅಂಥ ಬಾಗಿಲಿಗೆ ಈಗ ಕುತ್ತು ಬಂದಿತ್ತು.

ಕುತ್ತು ತಂದವರು ಮಂದಿರದ ಸಮಿತಿಯ ಅಧ್ಯಕ್ಷರು. ಔಷಧಿ ಅಂಗಡಿಯ ಯಜಮಾನರು, ಒಳ್ಳೆಯ ಮನುಷ್ಯ. ಆದರೆ ಎತ್ತರ ಎಂದರೆ ಎತ್ತರ. ಅಂಗಡಿಯ ಮೇಲಿನ ಅಟ್ಟಣಿಗೆಯ ಸೀಸೆಯನ್ನು ಕುರ್ಚಿ ಹತ್ತದೆ ತೆಗೆಯುತ್ತಿದ್ದುದರಿಂದ ಊರವರು ಅವರನ್ನು ಏಣಿಯಣ್ಣ ಎಂದು ಕರೆಯುತ್ತಿದ್ದರು. ಮಂದಿರಕ್ಕೆ ಸುಣ್ಣಬಣ್ಣ ಮಾಡಿಸುವ ಮಾತು ಬಂದಾಗ ಅವರು, "ಹಾಗೇ ಆ ಬಾಗಿಲನ್ನೂ ಒಂದು ಗೇಣು ಎತ್ತರಿಸೋಣ. ನನ್ನ ಅಂಗಡಿ ಮುಲಾಮಿನಲ್ಲಿ ಅರ್ಧ ನನ್ನ ಹಣೆಗೇ ಖರ್ಚಾಯ್ತು" ಎಂದರು.

ದೊಡ್ಡಪ್ಪ ಸಭೆಯಲ್ಲಿ ಎದ್ದು ನಿಂತರು. ಎದ್ದು ನಿಂತದ್ದು ಹಿಂದಿನ ಸಾಲಿನವರಿಗೆ ತಿಳಿಯಲಿಲ್ಲ, ದನಿಯಿಂದ ತಿಳಿಯಿತು. "ಆ ಬಾಗಿಲು ಮುಟ್ಟೋದಾದ್ರೆ ನನ್ನ ಹೆಣದ ಮೇಲೆ ಕಾಲಿಟ್ಟು ಮುಟ್ಟಿ!"

"ಅಯ್ಯೋ, ಅಷ್ಟು ದೂರ ಯಾಕೆ ಹೋಗ್ತೀರಿ ದೊಡ್ಡಪ್ಪ" ಎಂದರು ಏಣಿಯಣ್ಣ. "ನಿಮ್ಮ ಕತೆ ನಮ್ಮ ಮಕ್ಕಳಿಗೂ ಬಾಯಿಪಾಠ. ಆದ್ರೆ ಬಾಯಿಮಾತು ಬಾಯಿಮಾತೇ. ನಿಮ್ಮ ಮನೆತನದ ಚರಿತ್ರೆ ಸರಿಯಾಗಿ ವಿಚಾರಿಸಿ ಬರೆದು ತನ್ನಿ. ಮುಂದಿನ ಸಭೇಲಿ ಓದಿಸಿ. ಮುತ್ತಜ್ಜ ಬೇಕಂತಲೇ ಹಾಗೆ ಮಾಡಿದ್ದು ಅಂತ ಹತ್ತು ಜನಕ್ಕೆ ಮನವರಿಕೆ ಆದ್ರೆ, ನಾನು ಸಾಯೋವರೆಗೂ ಬಗ್ಗೇ ಬರ್ತೀನಿ."

ಹೀಗೆ ಒಂದು ಬೆಳಗ್ಗೆ ದೊಡ್ಡಪ್ಪ ತಮ್ಮನ ಮಗಳ ಹೊಲಿಗೆ ಅಂಗಡಿಯ ಮೆಟ್ಟಿಲು ಹತ್ತಿದರು.

ಅವಳು ಆ ಬೀದಿಯ ದರ್ಜಿ. ಕೊರಳಲ್ಲಿ ಯಾವಾಗಲೂ ಅಳತೆಪಟ್ಟಿ ನೇತಾಡುತ್ತಿದ್ದುದರಿಂದ ಮನೆಮಂದಿಗೆ ಟೇಪಮ್ಮ. ಅಂಗಡಿಯೆಂದರೆ ಒಂದೇ ಕೋಣೆ: ಕಿಟಕಿಗೆ ಅಂಟಿಕೊಂಡ ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಒಂದು ತೋಳಿಲ್ಲದ ಕೋಟು ತೊಟ್ಟು ನಿಂತ ಮರದ ಬೊಂಬೆ, ಮೂಲೆಯಲ್ಲಿ ಗುಂಡಿ ಕಾಯುತ್ತಿರುವ ಶಾಲಾ ಅಂಗಿಗಳ ರಾಶಿ.

"ನೀನೇ ಬರೀಬೇಕು" ಎಂದರು ದೊಡ್ಡಪ್ಪ, ಬೊಂಬೆಗೆ ಒರಗಿ.

"ನಾನಾ? ದೊಡ್ಡಪ್ಪ, ನಾನು ಬರೆಯೋದು ಎದೆ ಸುತ್ತಳತೆ, ತೋಳಿನುದ್ದ."

"ನಿನ್ನ ಅಕ್ಷರ ಚೆನ್ನಾಗಿದೆ. ಮನೆಯವರೆಲ್ಲ ಗೊತ್ತು. ಸುಳ್ಳು ಹೇಳೋಕೆ ಬರಲ್ಲ. ಇನ್ನೇನು ಬೇಕು?"

"ಕಾಲಾವಕಾಶ ಬೇಕು. ಈ ಅಂಗಿಗಳಿಗೆ ಗುಂಡಿ ಯಾರು ಹಚ್ತಾರೆ?"

"ನಿನ್ನ ದೊಡ್ಡಮ್ಮ ಹಚ್ತಾಳೆ" ಎಂದು ದೊಡ್ಡಮ್ಮನನ್ನು ಕೇಳದೆಯೇ ಮಾತು ಕೊಟ್ಟು ಅವರು ಇಳಿದು ಹೋದರು. ಎರಡು ಹೆಜ್ಜೆ ಹೋದವರು ತಿರುಗಿ ಬಂದರು. ದನಿ ಇಳಿದಿತ್ತು. "ಟೇಪಮ್ಮ, ಮಕ್ಕಳಲ್ಲಿ ಒಬ್ಬರೂ ಉಳಿ ಹಿಡೀಲಿಲ್ಲ. ನಾನು ಹೋದ ಮೇಲೆ ನಮ್ಮೋರು ಇದ್ರು ಅನ್ನೋಕೆ ಆ ಬಾಗಿಲೊಂದೇ. ನೆನಪಿಟ್ಕೊಂಡು ಬರಿ."

ಆ ಮಾತು ಸೂಜಿಯ ಹಾಗೆ ಅವಳಲ್ಲಿ ಚುಚ್ಚಿಕೊಂಡು ಉಳಿಯಿತು.

ಮನೆತನದ ಚರಿತ್ರೆ ಬರೆಯುತ್ತಾಳೆ ಎಂಬ ಸುದ್ದಿ ಹರಡಿದ್ದೇ ತಡ, ನೆಂಟರೆಲ್ಲ ಅಂಗಡಿಗೆ ಮುತ್ತಿಗೆ ಹಾಕಿದರು. ಚಿಕ್ಕಪ್ಪನೊಬ್ಬ ಬಂದು, "ನಮ್ಮಜ್ಜ ಒಂದ್ಸಲ ಹೊಳೆಗೆ ಬಿದ್ದ ಕುದುರೇನ ಹೆಗಲ ಮೇಲೆ ಹೊತ್ಕೊಂಡು ಬಂದಿದ್ದ, ಅದನ್ನ ಮರೀಬೇಡ" ಎಂದ.

"ಕುದುರೆನಾ? ನಮ್ಮ ಮನೇವ್ರ ಹೆಗಲ ಮೇಲಾ?" ಎಂದು ಅವಳು ಹುಬ್ಬೇರಿಸಿದಳು.

ಚಿಕ್ಕಪ್ಪ ಸ್ವಲ್ಪ ಯೋಚಿಸಿ, "ಮರಿ ಅಂತ ಹಾಕು ಬೇಕಾದ್ರೆ" ಎಂದ.

ಅತ್ತಿಗೆ ಬಂದು, ವಂಶವೃಕ್ಷದಲ್ಲಿ ತನ್ನ ಹೆಸರು ದಪ್ಪಕ್ಷರದಲ್ಲಿರಲಿ, ವಯಸ್ಸು ಮಾತ್ರ ಬೇಡ ಎಂದಳು. ಟೇಪಮ್ಮ ಎಲ್ಲರಿಗೂ ಹೂಂಗುಟ್ಟಿದಳು, ಎಲ್ಲವನ್ನೂ ಬರೆದುಕೊಂಡಳು. ಆದರೆ ದರ್ಜಿಯ ಕಸುಬು ಅವಳಿಗೆ ಒಂದು ಚಟ ಹಚ್ಚಿತ್ತು. ಗಿರಾಕಿ ಎಷ್ಟೇ ಆಣೆಯಿಟ್ಟು ತನ್ನ ಸೊಂಟದಳತೆ ಹೇಳಲಿ, ತಾನೇ ಪಟ್ಟಿ ಸುತ್ತಿ ನೋಡದೆ ಅವಳು ಬಟ್ಟೆಗೆ ಕತ್ತರಿ ಹಾಕುತ್ತಿರಲಿಲ್ಲ. ಹಾಗಾಗಿ ಬಾಗಿಲಿನ ಅಧ್ಯಾಯ ಬರೆಯುವ ಮೊದಲು, ಮುತ್ತಜ್ಜನ ಬಾಗಿಲುಗಳನ್ನೆಲ್ಲ ಕಣ್ಣಾರೆ ಕಂಡು ಅಳೆಯಬೇಕೆಂದುಕೊಂಡಳು. ದೊಡ್ಡಪ್ಪನನ್ನು ಕಾಡಿ ಬೇಡಿ ಕೋಲನ್ನು ಪಡೆದು, ಅದನ್ನು ಹೆಗಲ ಮೇಲಿಟ್ಟುಕೊಂಡು ಬೀದಿ ಬೀದಿ ತಿರುಗಿದಳು.

ಮುತ್ತಜ್ಜನ ಬಾಗಿಲನ್ನು ಗುರುತಿಸುವುದು ಕಷ್ಟವಲ್ಲ. ಅಗುಳಿಯ ಕೆಳಗೆ ಬೆರಳಾಡಿಸಿದರೆ ಉಳಿಯ ಮೂರು ಪುಟ್ಟ ಗೀರು ಸಿಗುತ್ತವೆ. ಅದು ಅವನ ರುಜು. ಬೇಕರಿಯವರ ಹಿಂಬಾಗಿಲಿನಲ್ಲಿ ಸಿಕ್ಕಿತು; ಕೋಲು ನಿಲ್ಲಿಸಿದಳು, ಮೇಲ್ಪಟ್ಟಿಗೆ ಮುತ್ತಿಟ್ಟಂತೆ ಕೂತಿತು. ಸೂಲಗಿತ್ತಿಯ ಮನೆಯಲ್ಲೂ ಹಾಗೆ, ಹಳೆಯ ಅಂಚೆ ಕಚೇರಿಯಲ್ಲೂ ಹಾಗೆ. ಅವಳಿಗೆ ಹಿಗ್ಗೋ ಹಿಗ್ಗು. ಕೊನೆಗೆ ಹೊಳೆಯ ಪಕ್ಕದ ಹಿಟ್ಟಿನ ಗಿರಣಿಗೆ ಬಂದಳು. ಮದುವೆಗೆ ಮೊದಲು ಮುತ್ತಜ್ಜ ಸ್ವಂತವಾಗಿ ಹಿಡಿದ ಮೊದಲ ಕೆಲಸ ಅದು ಎಂದು ದೊಡ್ಡಪ್ಪ ಎದೆಯುಬ್ಬಿಸಿ ಹೇಳಿದ್ದರು. ಮೂರು ಗೀರು ಇದ್ದವು. ಕೋಲು ನಿಲ್ಲಿಸಿದಳು.

ಕೋಲಿಗೂ ಮೇಲ್ಪಟ್ಟಿಗೂ ನಡುವೆ ಗೇಣುದ್ದ ಬೆಳಕು.

ಅವಳು ಕೋಲನ್ನು ತಿರುಗಿಸಿ ನಿಲ್ಲಿಸಿದಳು. ಅಷ್ಟೇ ಬೆಳಕು. ಕೊರಳಿನ ಪಟ್ಟಿ ತೆಗೆದು ಹಿಡಿದಳು. ಪಟ್ಟಿಯೂ ಅದನ್ನೇ ಹೇಳಿತು. ಮೈಯೆಲ್ಲ ಹಿಟ್ಟಾದ ಗಿರಣಿಯವನು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದವನು, "ಏನಮ್ಮ, ಬಾಗಿಲಿಗೂ ಅಂಗಿ ಹೊಲೀತೀಯಾ?" ಎಂದ.

"ಹೊಲೀಬೇಕು ಅಂತಲೇ ಬಂದೆ ಅಣ್ಣ. ನಿಮ್ಮ ಬಾಗಿಲು ಬೆಳೆದುಬಿಟ್ಟಿದೆ" ಎಂದು ನಕ್ಕಳು, ಆದರೆ ಒಳಗೆ ಏನೋ ಕುಟುಕಿತು.

ದೊಡ್ಡಪ್ಪನ ಹತ್ತಿರ ಹೇಳಿದಾಗ ಅವರು ಕಣ್ಣು ಮಿಟುಕಿಸಲಿಲ್ಲ. "ಗಿರಣಿಗೆ ಜನ ತಲೆ ಮೇಲೆ ಮೂಟೆ ಹೊತ್ಕೊಂಡು ಬರ್ತಾರೆ. ಮೂಟೆ ಸಮೇತ ಬಾಗೋಕಾಗುತ್ತಾ? ಅದಕ್ಕೇ ಎತ್ತರ."

ಸರಿಯೆನಿಸಿತು. ಮರುದಿನ ಬಣ್ಣ ಹಾಕುವವರ ಬೀದಿಯ ಮೂಲೆಮನೆಗೆ ಹೋದಳು. ಅದೂ ಮುತ್ತಜ್ಜ ಮದುವೆಗೆ ಮುಂಚೆ ಮಾಡಿದ್ದೇ. ಅಲ್ಲೂ ಗೇಣುದ್ದ ಬೆಳಕು.

"ಬಣ್ಣದೋರೂ ಮೂಟೆ ಹೊರ್ತಿದ್ರಾ ದೊಡ್ಡಪ್ಪ?"

ದೊಡ್ಡಪ್ಪ ಕೀಸುಳಿಯ ಅಲಗನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಕಿಟಕಿಯ ಕಡೆ ನೋಡಿದರು. "ಊಟಕ್ಕೆ ಹೊತ್ತಾಯ್ತು" ಎಂದು ಎದ್ದು ಒಳಗೆ ಹೋದರು. ಬೆಳಗಿನ ಹತ್ತು ಗಂಟೆಗೆ.

ಅಡುಗೆಮನೆಯ ಬಾಗಿಲಿನಲ್ಲಿ ದೊಡ್ಡಮ್ಮ ಅಭ್ಯಾಸಬಲದಿಂದ ಬಾಗಿ ಹೊರಗೆ ಬಂದು ಮತ್ತೆ ನೆಟ್ಟಗಾದರು. ಬೇರೆ ಮನೆತನದಿಂದ ಬಂದವರು, ಗಂಡನಿಗಿಂತ ಒಂದು ತಲೆ ಎತ್ತರ. ಮಡಿಲಲ್ಲಿ ಶಾಲಾ ಅಂಗಿ, ಬಾಯಲ್ಲಿ ಸೂಜಿ. ಸೂಜಿ ತೆಗೆದು ಹೇಳಿದರು: "ಅವರನ್ನ ಕೇಳಿ ಪ್ರಯೋಜನ ಇಲ್ಲ ಮಗಳೇ. ಪಕ್ಕದೂರಿನ ಅತ್ತೆ ಹತ್ರ ಹೋಗು. ಮುತ್ತಜ್ಜನ ಕೊನೇ ಮಗಳು. ಆ ಕಾಲ ಕಂಡೋರು ಅವರೊಬ್ರೇ ಉಳಿದಿರೋದು."

"ಮತ್ತೆ ದೊಡ್ಡಪ್ಪ ಅವರ ಹೆಸರೇ ಎತ್ತಲಿಲ್ಲ?"

"ಅವರು ಎಲ್ಲದಕ್ಕೂ ನಗ್ತಾರೆ. ನಿನ್ನ ದೊಡ್ಡಪ್ಪನಿಗೆ ಕೋಪ ಮಾಡ್ಕೊಳ್ಳೋರನ್ನ ಕಂಡ್ರೆ ಆಗುತ್ತೆ, ನಗೋರನ್ನ ಕಂಡ್ರೆ ಆಗಲ್ಲ."

ಬಸ್ಸು ಹಿಡಿದು ಅವಳು ಪಕ್ಕದೂರಿಗೆ ಹೋದಾಗ ಆ ಅತ್ತೆ, ಅವಳಿಗೆ ಅತ್ತಜ್ಜಿ, ಪಡಸಾಲೆಯ ಬಿಸಿಲಿಗೆ ಬೆನ್ನು ಕೊಟ್ಟು ಬಟಾಣಿ ಸುಲಿಯುತ್ತಿದ್ದರು. ಹಣ್ಣುಹಣ್ಣು ಮುದುಕಿ, ಕಣ್ಣು ಮಾತ್ರ ಈಗಷ್ಟೇ ತೊಳೆದಿಟ್ಟಂತಿದ್ದವು. ಒಳಗೆ ಮರಿಮಗಳು ತುಂಬಿದ ಬಸುರಿ. ತೊಲೆಗೆ ಬಟ್ಟೆಯ ತೊಟ್ಟಿಲನ್ನು ಆಗಲೇ ಕಟ್ಟಿ ಪರೀಕ್ಷೆ ಮಾಡಿ ನೋಡುತ್ತಿದ್ದರು.

"ಯಾರ ಮಗಳೇ ನೀನು? ಹಾಂ, ಹಾಂ, ಹೇಳಬೇಡ. ಈ ಎತ್ತರ ನೋಡಿದ್ರೆ ಗೊತ್ತಾಗಲ್ವಾ, ನಮ್ಮೋಳೇ" ಎಂದು ಅತ್ತಜ್ಜಿ ನಕ್ಕರು.

ಅವಳು ಬಂದ ಕಾರಣ ಹೇಳಿದಳು. ಮಂದಿರದ ಬಾಗಿಲು, ದೊಡ್ಡಪ್ಪ ಹೇಳುವ ಕೋಲಿನ ಕಿರೀಟ, ಏಣಿಯಣ್ಣನ ಹಣೆ, ಗಿರಣಿಯ ಬೆಳಕು, ಬಣ್ಣದವರ ಮನೆಯ ಬೆಳಕು. ಕೇಳುತ್ತಾ ಕೇಳುತ್ತಾ ಅತ್ತಜ್ಜಿಯ ಭುಜ ಕುಲುಕತೊಡಗಿತು. ಆಮೇಲೆ ಹೊಟ್ಟೆ. ಕೊನೆಗೆ ಬಟಾಣಿಯ ಮೊರವೇ ಕುಣಿದು ಕಾಳುಗಳೆಲ್ಲ ನೆಲದ ಪಾಲಾದವು.

"ಅಯ್ಯೋ ಶಿವನೇ... ದೇವರು ಕಿರೀಟ ಇಟ್ಟ ಅಂತಾನಾ ಅವನು ಆ ಕೋಲಿಗೆ? ಕೇಳು ಮಗಳೇ. ನಮ್ಮಮ್ಮ ನನ್ನ ಕೊನೇ ಬಾಣಂತನದಲ್ಲಿ ಇದನ್ನ ನನ್ನ ಕಿವೀಲಿ ಹೇಳಿದ್ದು. ನಿನ್ನ ಅಜ್ಜ ಹುಟ್ಟಿದ ಹೊಸತು. ಮೊದಲ ಮಗು. ಹಗಲೂ ಅಳೋದು, ರಾತ್ರೀನೂ ಅಳೋದು. ತೊಟ್ಟಿಲ ಬಟ್ಟೆ ಮಗು ಮುಖದ ಮೇಲೆ ಮುಚ್ಕೊಳ್ತಿತ್ತಂತೆ, ಅಗಲಿಸೋಕೆ ಒಂದು ಕಡ್ಡಿ ಬೇಕಿತ್ತು. ನಮ್ಮಪ್ಪ ಮರ ಕೊಳ್ಳೋಕೆ ಅಂತ ಪರವೂರಿಗೆ ಹೋಗಿದ್ರು. ಅಮ್ಮ ಮನೆಯೆಲ್ಲ ನೋಡ್ತಾಳೆ, ಮೂಲೇಲಿ ಒಂದು ಕೋಲು. ಒಳ್ಳೆ ಬೆಣ್ಣೆ ಹಾಗೆ ನಯವಾಗಿದೆ. ಸಿಬಿರಿಲ್ಲ, ಸೀಳಿಲ್ಲ, ಮಗು ಕೈಗೆ ತಾಗಿದ್ರೂ ಭಯವಿಲ್ಲ. ಬಡಗಿ ಮನೆ ಸೊಸೆಗೆ ಗರಗಸ ಹಿಡಿಯೋಕೆ ಬರಲ್ವೇ? ಗೇಣುದ್ದ ಕುಯ್ದೇ ಬಿಟ್ಲು!"

"ಅಳತೆಕೋಲನ್ನಾ!"

"ಅದರ ಮೇಲೆ ಗೆರೆ ಇದ್ರೆ ತಾನೇ ಅಳತೆಕೋಲು ಅಂತ ಗೊತ್ತಾಗೋದು?"

"ಮುತ್ತಜ್ಜನಿಗೆ ಗೊತ್ತಾಗಲಿಲ್ವಾ ಅತ್ತಜ್ಜಿ?"

"ಮಗು ಅಳೋ ಮನೇಲಿ ಗಂಡಸರಿಗೆ ಕಣ್ಣು ಕಾಣುತ್ತಾ? ನಿದ್ದೆಯಿಲ್ಲದೆ ತೂಗಾಡ್ತಿದ್ರಂತೆ. ಹಿತ್ತಾಳೆ ಟೊಪ್ಪಿಗೆ ಒಂದು ಎಲ್ಲೋ ಬಿದ್ದಿದೆ ಅಂದ್ಕೊಂಡ್ರು. ಉದ್ದ ನೋಡೋಣ ಅಂದ್ರೆ, ಕೋಲು ಮೊದಲೂ ಅವರ ತಲೆ ಮೇಲೇ ಇತ್ತು, ಆಮೇಲೂ ತಲೆ ಮೇಲೇ ಇತ್ತು! ದಾರ ಹಿಡಿದು ಮಡಿಸಿದ್ರೆ ಎಲ್ಲ ಸರಿಯಾಗೇ ಬರ್ತಿತ್ತು. ಹಂಗೇ ಮಂದಿರದ ಬಾಗಿಲು ಮಾಡಿದ್ರು. ಗುರುಗಳ ಹಣೆಗೆ ಬಡಿದಾಗಲೇ ಅವರಿಗೆ ಧಸಕ್ ಅಂದಿದ್ದು. ಬಾಯಿಗೆ ಬಂದದ್ದು ಅಂದುಬಿಟ್ರು."

"ಮನೆಗೆ ಬಂದು ಮುತ್ತಜ್ಜಿಗೆ ಬೈದ್ರಾ?"

"ಬೈಯೋಕೆ ಅಂತಲೇ ಬಂದ್ರಂತೆ, ಕೋಲು ಎತ್ಕೊಂಡು. ಅಮ್ಮ ಬಾಯಿ ಮೇಲೆ ಬೆರಳಿಟ್ಟು ತೊಟ್ಟಿಲು ತೋರಿಸಿದ್ಲು. ಮಗು ಮಲಗಿತ್ತು. ಮೇಲೆ ಆ ಕಡ್ಡಿ. ಇಬ್ರೂ ಬಾಯಿ ಮುಚ್ಕೊಂಡು ನಕ್ಕೂ ನಕ್ಕೂ ಕೊನೆಗೆ ಮಗೂನೇ ಎದ್ದುಬಿಡ್ತು." ಅತ್ತಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ದನಿ ಮೆತ್ತಗಾಯಿತು. "ಆದ್ರೆ ದೇವರ ಹೊಸ್ತಿಲಲ್ಲಿ ನಿಂತು ಸುಳ್ಳು ಹೇಳಿದೆನಲ್ಲ ಅನ್ನೋದು ನಮ್ಮಪ್ಪನಿಗೆ ಮುಳ್ಳು. ಊರಿಗೆ ಹೇಳೋಣ ಅಂದ್ರೆ ಗುರುಗಳು ಪ್ರವಚನ ಮಾಡಿ ಮುಗಿಸಿಯಾಗಿತ್ತು. ಅವರ ಮಾತು ಸುಳ್ಳು ಮಾಡೋದು ಹೇಗೆ? ನಾನು ಚಿಕ್ಕವಳಿದ್ದಾಗ ನೋಡ್ತಿದ್ದೆ. ಆ ಬಾಗಿಲಲ್ಲಿ ಎಲ್ಲರೂ ತಲೆ ಬಗ್ಗಿಸಿದ್ರೆ, ನಮ್ಮಪ್ಪ ಸೊಂಟ ಬಗ್ಗಿಸೋರು. ಅವರಿಗೆ ಬಗ್ಗೋ ಅಗತ್ಯವೇ ಇರ್ಲಿಲ್ಲ ನೋಡು."

ಅವಳ ಕಣ್ಣು ಒಳಗಿನ ತೊಟ್ಟಿಲಿನತ್ತ ಹೊರಳಿತು. ಬಟ್ಟೆಯ ಬಾಯನ್ನು ಅಗಲಿಸಿ ಹಿಡಿದ ಗೇಣುದ್ದದ ಕಡ್ಡಿ. ಕೈಯಾಡಿ ಕೈಯಾಡಿ ಕಪ್ಪಗೆ ಮಿನುಗುತ್ತಿತ್ತು. ಅದರ ಒಂದು ತುದಿ ಬರಿ ಮರ. ಇನ್ನೊಂದು ತುದಿಗೆ ಹಿತ್ತಾಳೆಯ ಟೊಪ್ಪಿಗೆ.

"ತಗೊಂಡು ಹೋಗು" ಎಂದರು ಅತ್ತಜ್ಜಿ. "ಆದ್ರೆ ಹೆರಿಗೆ ಒಳಗೆ ತಂದುಕೊಡಬೇಕು. ನಮ್ಮ ಮನೆ ಮಕ್ಕಳಿಗೆ ಅದಿಲ್ಲದೆ ನಿದ್ದೆ ಬರಲ್ಲ."

ಬಸ್ಸಿನಲ್ಲಿ ಕಡ್ಡಿಯನ್ನು ಮಡಿಲಲ್ಲಿಟ್ಟುಕೊಂಡು ಕೂತ ಅವಳಿಗೆ ಒಮ್ಮೆ ನಗು, ಒಮ್ಮೆ ಭಯ. ಇದನ್ನು ಬರೆದರೆ ಬಾಗಿಲು ಹೋಯಿತು. ಬರೆಯದಿದ್ದರೆ ಕೈಯಾರೆ ಅಳೆದದ್ದನ್ನು ಸುಳ್ಳು ಬರೆದಂತಾಯಿತು. ದೊಡ್ಡಪ್ಪನ ಇಳಿದ ದನಿ ಮತ್ತೆ ಮತ್ತೆ ಕಿವಿಯಲ್ಲಿ ಕೇಳಿಸಿತು. "ಭಗವಂತ, ಯಾವ ಕಡೆಯಿಂದ ಹೊಲಿದರೆ ಇದು ಸುಕ್ಕಿಲ್ಲದೆ ಕೂರುತ್ತೆ, ನೀನೇ ತೋರಿಸು" ಎಂದು ಕಿಟಕಿಯಾಚೆಗೆ ನೋಡುತ್ತಾ ಬೇಡಿಕೊಂಡಳು. ಊರು ಬರುವ ಹೊತ್ತಿಗೆ ಅವಳು ನಿರ್ಧರಿಸಿದ್ದು ಇಷ್ಟೇ: ಕಾಗದಕ್ಕೆ ಹೇಳುವ ಮೊದಲು ದೊಡ್ಡಪ್ಪನಿಗೆ ಹೇಳಬೇಕು.

ದೊಡ್ಡಪ್ಪ ಕೆಲಸದ ಕೊಟ್ಟಿಗೆಯಲ್ಲಿ ಹಲಗೆ ಕೀಸುತ್ತಿದ್ದರು. ಮರದ ಸುರುಳಿಗಳು ಅವರ ಮೊಣಕಾಲವರೆಗೂ ಬಂದಿದ್ದವು. ಅವಳು ಕೋಲನ್ನು ಗೋಡೆಗೆ ಒರಗಿಸಿ, ಕಡ್ಡಿಯನ್ನು ಹಲಗೆಯ ಮೇಲಿಟ್ಟಳು.

ಅವರು ಅದನ್ನು ಕೈಗೆತ್ತಿಕೊಂಡರು. ಟೊಪ್ಪಿಗೆಯನ್ನು ನೋಡಿದರು. ತಿರುಗಿಸಿ ಬೋಳು ತುದಿಯನ್ನು ನೋಡಿದರು. ಕನ್ನಡಕ ಏರಿಸಿ ಮತ್ತೆ ನೋಡಿದರು. ಆಮೇಲೆ ಮಗುವನ್ನು ಎತ್ತುವ ಹಾಗೆ ದೊಡ್ಡ ಕೋಲನ್ನು ಎತ್ತಿ ತಂದು ಹಲಗೆಯ ಮೇಲೆ ಮಲಗಿಸಿ, ಬೋಳಿಗೆ ಬೋಳು ತಾಗಿಸಿದರು. ಮರದ ಎಳೆಗಳು ಒಂದರೊಳಗೊಂದು ಹರಿದವು. ಗರಗಸ ನಡುವೆ ಸೀಳಿದ್ದ ಒಂದು ಪುಟ್ಟ ಕಪ್ಪು ಗಂಟು ಮತ್ತೆ ದುಂಡಗಾಯಿತು. ಬಡಗಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಯಾರು ಕುಯ್ದಿದ್ದು?" ಎಂದರು.

"ಮುತ್ತಜ್ಜಿ. ನಿಮ್ಮಪ್ಪನ ತೊಟ್ಟಿಲಿಗೆ."

ಅವಳು ಎಲ್ಲವನ್ನೂ ಹೇಳಿದಳು. ಗುರುಗಳ ಹಣೆ, ನಕ್ಕದ್ದು, ಮುಳ್ಳು, ಸೊಂಟ ಬಗ್ಗಿಸಿದ್ದು. ಅಷ್ಟರಲ್ಲಿ ಚಹಾ ತಂದ ದೊಡ್ಡಮ್ಮ ಬಾಗಿ ಒಳಗೆ ಬಂದವರು ಬಾಗಿದಲ್ಲೇ ನಿಂತು ಕೇಳಿಸಿಕೊಂಡರು.

"ಅಂದ್ರೆ," ಎಂದರು ನಿಧಾನವಾಗಿ, "ನಾನು ಈ ಮನೆಗೆ ಬಂದಾಗಿಂದ ದೇವರಿಗೆ ಬಾಗ್ತಿದ್ದೀನಿ ಅಂದ್ಕೊಂಡಿದ್ದೆ. ಬಾಗ್ತಿದ್ದುದು ನಮ್ಮ ಮಾವನ ತೊಟ್ಟಿಲಿಗಾ?"

"ಆಮೇಲೆ ಅದೇ ಕಡ್ಡಿ ಕೆಳಗೆ ದೊಡ್ಡಪ್ಪನೂ ಮಲಗಿದ್ರಂತೆ" ಎಂದಳು ಅವಳು.

"ಸರಿಹೋಯ್ತು! ಮಲಗಿದ್ದು ಇವರು, ಹಣೆ ಊದಿದ್ದು ನಂದು" ಎಂದು ದೊಡ್ಡಮ್ಮ ನಗಲು ಶುರುಮಾಡಿದರು. ತಟ್ಟೆಯಲ್ಲಿದ್ದ ಲೋಟಗಳೂ ಕಿಣಿಕಿಣಿ ನಕ್ಕವು. ದೊಡ್ಡಪ್ಪ ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಕೆಳತುಟಿ ಕಚ್ಚಿ ಹಿಡಿದರು, ಹಿಡಿದದ್ದು ನಿಲ್ಲಲಿಲ್ಲ. ಸುರುಳಿಗಳ ರಾಶಿಯ ಮೇಲೆ ಧೊಪ್ಪನೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆ ನೀರೆಲ್ಲ ನಗುವಿನದೇ ಎಂದು ಅವಳಿಗೆ ಅನಿಸಲಿಲ್ಲ.

"ದೊಡ್ಡಪ್ಪ, ನಾನು ಏನು ಬರೀಲಿ?"

ಅವರು ಮೂಗೊರೆಸಿಕೊಂಡು ಮರುಪ್ರಶ್ನೆ ಹಾಕಿದರು. "ಕತ್ತರಿಸೋವಾಗ ನಿನ್ನ ಕೈ ತಪ್ಪಿ ಬಟ್ಟೆ ಕಮ್ಮಿ ಬಿದ್ರೆ ಗಿರಾಕಿಗೆ ಏನು ಹೇಳ್ತೀಯ?"

"ಕಮ್ಮಿ ಬಿತ್ತು ಅಂತ ಹೇಳ್ತೀನಿ."

"ಹಾಗೇ ಬರಿ."

ಸಭೆಯ ದಿನ ಮಂದಿರದ ಒಳಗೆ ಕಾಲಿಡಲು ಜಾಗವಿರಲಿಲ್ಲ. ಅವಳು ಓದುತ್ತಾ ಹೋದಳು. ಕುದುರೆಯ ಮರಿಗೆ ನಕ್ಕರು. ವಯಸ್ಸಿಲ್ಲದ ಅತ್ತಿಗೆಗೆ ನಕ್ಕರು. ಕೋಲು, ಗರಗಸ, ತೊಟ್ಟಿಲಿನ ಅಧ್ಯಾಯ ಬಂದಾಗ ಮೊದಲು ಪಿಸುಮಾತು, ಆಮೇಲೆ ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ನಗುವಿನ ಅಲೆ. ಮುತ್ತಜ್ಜ ಸೊಂಟ ಬಗ್ಗಿಸಿ ಬರುತ್ತಿದ್ದ ಸಾಲುಗಳನ್ನು ಓದಿದಾಗ ಮಾತ್ರ ಇಡೀ ಮಂದಿರ ಪ್ರಾರ್ಥನೆಯ ಹೊತ್ತಿನಲ್ಲಿ ಇರಬೇಕಾದಷ್ಟು ಸದ್ದಿಲ್ಲದೆ ಇತ್ತು. ಅವಳು ಹಾಳೆ ಮಡಿಚಿಟ್ಟು, ಈಗೇನೋ ಎಂದು ಏಣಿಯಣ್ಣನ ಕಡೆ ನೋಡಿದಳು.

ಏಣಿಯಣ್ಣ ಎದ್ದರು. ಹಣೆ ಮುಟ್ಟಿಕೊಂಡರು. "ನಾನು ಸೋತೆ. ಬೇಕಂತ ಮಾಡಿದ್ದಲ್ಲ ಅಂತ ಗೊತ್ತಾಯ್ತು, ನಿಜ. ಆದ್ರೆ ಇಂಥ ಬಾಗಿಲು ಯಾವ ಊರಲ್ಲಿದೆ? ಒಂದು ಮಗು ನಿದ್ದೆಗೋಸ್ಕರ ಊರಿಗೆ ಊರೇ ಇಷ್ಟು ಕಾಲ ತಲೆ ಬಗ್ಗಿಸಿದೆ. ನನ್ನ ಮುಲಾಮು ನಾನು ಹಚ್ಕೋತೀನಿ. ಬಾಗಿಲು ಹಾಗೇ ಇರ್ಲಿ."

ಚಪ್ಪಾಳೆ ಬಿತ್ತು. ಅವಳಿಗೆ ಹೋದ ಜೀವ ಬಂದಂತಾಯಿತು. ಬಾಗಿಲು ಉಳಿಯಿತು, ನಿಜವೂ ಉಳಿಯಿತು. ದೊಡ್ಡಪ್ಪನತ್ತ ತಿರುಗಿ ನಕ್ಕಳು.

ದೊಡ್ಡಪ್ಪ ಬೆಂಚಿನ ಮೇಲೆ ಹತ್ತಿ ನಿಂತಿದ್ದರು. "ಆಗಲ್ಲ" ಎಂದರು.

"ಏನಾಗಲ್ಲ ದೊಡ್ಡಪ್ಪ?"

"ಹಾಗೇ ಬಿಡೋಕಾಗಲ್ಲ. ಅಳತೆ ತಪ್ಪಿದೆ ಅಂತ ಗೊತ್ತಾದ ಮೇಲೂ ಬಿಟ್ರೆ ನಾನೆಂಥ ಬಡಗಿ? ಎತ್ತರಿಸಬೇಕು."

"ಅಯ್ಯೋ, ಇರ್ಲಿ ಬಿಡಿ ಅಂತ ನಾನೇ ಹೇಳ್ತಿದ್ದೀನಲ್ಲ!"

"ನೀವು ಹೇಳಬಹುದು. ಕೋಲು ಹೇಳ್ತಿಲ್ಲ."

"ಮುಟ್ಟಿದ್ರೆ ನಿಮ್ಮ ಹೆಣದ ಮೇಲೆ ಅಂದಿದ್ರಿ!"

"ಅಂದಿದ್ದೆ. ಈಗ ಬದುಕಿದ್ದೀನಲ್ಲ, ನಾನೇ ಮುಟ್ತೀನಿ" ಎಂದರು ದೊಡ್ಡಪ್ಪ. "ನಮ್ಮಜ್ಜ ಒಂದು ಮಾತು ತಿದ್ದೋಕಾಗದೆ ಜೀವನಪೂರ್ತಿ ಸೊಂಟ ಬಗ್ಗಿಸಿದ. ಮಾತು ಇವತ್ತು ನಮ್ಮ ಹುಡುಗಿ ತಿದ್ದಿದಳು. ಮರ ನನಗಿರಲಿ."

ಏಣಿಯಣ್ಣ ಬೇಡ ಎನ್ನುತ್ತಾರೆ, ದೊಡ್ಡಪ್ಪ ಬೇಕು ಎನ್ನುತ್ತಾರೆ; ಅದೇ ಬಾಗಿಲಿಗೆ ಅದೇ ಇಬ್ಬರು ಪಕ್ಷ ಬದಲಿಸಿಕೊಂಡು ಜಗಳಾಡುವುದನ್ನು ಊರು ಬಾಯಿ ಬಿಟ್ಟುಕೊಂಡು ನೋಡಿತು. ಗೆದ್ದವರು ದೊಡ್ಡಪ್ಪ.

ಗೋಡೆ ಕಟ್ಟುವವನು ಮೇಲಿನ ಕಲ್ಲುಗಳನ್ನು ಬಿಡಿಸಿಕೊಟ್ಟ. ದೊಡ್ಡಪ್ಪ ಚೌಕಟ್ಟನ್ನು ಮರಕ್ಕೊಂದು ಏಟೂ ಬೀಳದಂತೆ ಇಳಿಸಿದರು. ಕೋಲನ್ನೂ ಕಡ್ಡಿಯನ್ನೂ ನೆಲದ ಮೇಲೆ ಬೋಳಿಗೆ ಬೋಳು ತಾಗಿಸಿ ಮಲಗಿಸಿ, ಪೂರ್ತಿ ಉದ್ದಕ್ಕೆ ದಾರ ಹಿಡಿದರು. ದಾರದ ಇನ್ನೊಂದು ತುದಿ ಹಿಡಿದವಳು ಟೇಪಮ್ಮ. ಕೊರಳಿನ ಪಟ್ಟಿ ತೆಗೆಯಹೋದವಳಿಗೆ, "ಅದನ್ನ ಒಳಗಿಡು, ಮುತ್ತಜ್ಜನಿಗೆ ಅವಮಾನ" ಎಂದರು. ಹಳೆಯ ಕಂಬಗಳ ನೆತ್ತಿಗೆ ಗೇಣುದ್ದ ಹೊಸ ಮರವನ್ನು ಹಲ್ಲಿಗೆ ಹಲ್ಲು ಕೂರಿಸಿ ಬೆಸೆದರು. ಬಾಗಿಲಿಗೂ ಅಷ್ಟೇ. ಕೆಳಗೆ ಕಪ್ಪು ಮರ, ಮೇಲೆ ಜೇನಿನ ಬಣ್ಣದ ಹೊಸ ಮರ. "ಬಣ್ಣ ಬಳಿದು ಒಂದು ಮಾಡೋಣವೇ?" ಎಂದು ಯಾರೋ ಕೇಳಿದರು. "ಬೇಡ. ಎಷ್ಟು ಕಮ್ಮಿಯಿತ್ತು ಅಂತ ಕಾಣಲಿ" ಎಂದರು. ಅಗುಳಿಯ ಕೆಳಗಿನ ಮೂರು ಗೀರಿನ ಪಕ್ಕದಲ್ಲಿ ತಾವೂ ಒಂದು ಗೀರು ಎಳೆದರು. ಸ್ವಲ್ಪ ಯೋಚಿಸಿ ಉಳಿಯನ್ನು ಅವಳ ಕೈಗಿತ್ತರು. ಅವಳ ಗೀರು ಡೊಂಕಾಯಿತು. ಇಬ್ಬರೂ ಅದನ್ನು ಹಾಗೇ ಬಿಟ್ಟರು.

ಕಡ್ಡಿ ಮರುದಿನವೇ ಬಸ್ಸು ಹತ್ತಿ ಪಕ್ಕದೂರಿಗೆ ಹೋಯಿತು, ಹೆರಿಗೆಗೆ ಸರಿಯಾಗಿ. ಹೆಣ್ಣು ಮಗು. ಒಳ್ಳೆ ಗಂಟಲು ಎಂದು ಅತ್ತಜ್ಜಿ ಹೇಳಿ ಕಳಿಸಿದರು.

ಬಾಗಿಲು ತೆರೆದ ದಿನ ಅವಳು ಒಳಗೆ ಒಂದು ಬದಿಗೆ ನಿಂತು ನೋಡಿದಳು. ಮೊದಲು ಏಣಿಯಣ್ಣ ಬಂದರು. ತಲೆಯ ಮೇಲೆ ಬೇಕಾದಷ್ಟು ಜಾಗವಿತ್ತು. ಆದರೂ ಹೊಸ್ತಿಲ ಹತ್ತಿರ ಬರುತ್ತಿದ್ದಂತೆ ಅವರ ಕುತ್ತಿಗೆ ತಾನಾಗಿಯೇ ಬಾಗಿತು. ಒಳಗೆ ಬಂದ ಮೇಲೆ ಹಣೆ ಮುಟ್ಟಿ ನೋಡಿಕೊಂಡು ತಮಗೆ ತಾವೇ ನಕ್ಕರು. ಹಿಂದೆ ಬಂದ ಬೇಕರಿಯವನೂ ಬಾಗಿದ. ಗಿರಣಿಯವನೂ ಬಾಗಿದ. ಮರೆಯದೆ ನೆಟ್ಟಗೆ, ರಾಣಿಯ ಹಾಗೆ ನಡೆದು ಬಂದವರು ದೊಡ್ಡಮ್ಮ ಒಬ್ಬರೇ.

ಎಲ್ಲರ ಹಿಂದೆ ದೊಡ್ಡಪ್ಪ ಬಂದರು. ಹುಟ್ಟಿದಾಗಿನಿಂದ ಆ ಬಾಗಿಲಲ್ಲಿ ಅವರಿಗೆ ಬಾಗುವ ಅಗತ್ಯ ಬಿದ್ದಿರಲಿಲ್ಲ. ಉಳಿದವರು ಬಾಗುವುದನ್ನು ಹೆಮ್ಮೆಯಿಂದ ನೋಡುತ್ತಾ ನೆಟ್ಟಗೆ ಬರುತ್ತಿದ್ದರು. ಇವತ್ತು ಅವರು ಹೊಸ್ತಿಲ ಮುಂದೆ ನಿಂತರು. ಜೇನಿನ ಬಣ್ಣದ ಮರವನ್ನು ಒಮ್ಮೆ ಕತ್ತೆತ್ತಿ ನೋಡಿದರು. ಆಮೇಲೆ ಎರಡೂ ಕೈ ಮಂಡಿಯ ಮೇಲಿಟ್ಟು, ಸೊಂಟ ಬಗ್ಗಿಸಿ, ನಿಧಾನವಾಗಿ ಒಳಗೆ ಬಂದರು.

ಅವಳು ಹತ್ತಿರ ಹೋಗಿ ತೋಳು ಹಿಡಿದು ಮೇಲೆತ್ತುತ್ತಾ ಪಿಸುಗುಟ್ಟಿದಳು. "ದೊಡ್ಡಪ್ಪ, ಬಾಗಿಲು ಈಗ ಎತ್ತರ ಆಗಿದೆ."

"ಗೊತ್ತಮ್ಮ," ಎಂದರು ದೊಡ್ಡಪ್ಪ, "ಅಳತೆ ಹಾಕಿದ್ದು ನಾನೇ ಅಲ್ವಾ."

ಮುಂದಿನ ಸಾಲಿನಿಂದ ದೊಡ್ಡಮ್ಮ ತಿರುಗಿ ನೋಡಿದರು. "ಮಾತು ಸಾಕು, ಬಂದು ಕೂತ್ಕೊಳ್ಳಿ. ನಾಳೆ ಬೆಳಗ್ಗೆ ನನ್ನ ಅಡುಗೆಮನೆ ಬಾಗಿಲು."